ಎಲೆ ಮುಚ್ಚಿದ ಚೊಂಬು

ನೀರೇ ತಪ್ಪಿತೋ, ನನ್ನ ಕಣ್ಣೇ ರೆಪ್ಪೆ ಬಡಿಯಿತೋ? ಒಂದು ಅಲೆ ನಡುವಿನಲ್ಲಿ ಎದ್ದು ಚೊಂಬಿನ ಅಂಚನ್ನು ಮುಟ್ಟಿತು. ಅದರ ಹಿಂದೆ ಇನ್ನೊಂದು. ಮೂರನೆಯದು ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಆಮೇಲೆ ಎರಡು ಅಲೆಗಳು ಒಂದರ ಬೆನ್ನಿಗೊಂದು, ಗಂಟೆ ಹೊಡೆದ ಮೇಲೆ ಶಾಲೆಗೆ ಬಂದ ಮಕ್ಕಳ ಹಾಗೆ, ನುಗ್ಗಿ ಬಂದವು. ನನ್ನ ಉಸಿರು ತಾಗಿ ನೀರು ಅಲುಗಿತೇನೋ ಎಂದು ಉಸಿರು ಹಿಡಿದೆ. ಗೋಡೆಯ ಆಚೆ ಅಕ್ಕ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಅದುರು ಗೋಡೆ ಹತ್ತಿ ಚೊಂಬಿಟ್ಟ ಗೂಡಿನ ತನಕ ಬಂದಿರಬಹುದೇ? ಆದರೆ ಕಲ್ಲಿನ ಸದ್ದು ಒಂದೇ ಸಮ ಇತ್ತು, ನೀರು ಒಂದೇ ಸಮ ಇರಲಿಲ್ಲ. ಇನ್ನೊಂದು ಸಲ ತಪ್ಪಿದರೆ ಎಲೆ ಮುಚ್ಚಿಬಿಡುತ್ತೇನೆ ಎಂದುಕೊಂಡೆ. ತಪ್ಪಿತು. ಇನ್ನೂ ಒಂದೇ ಒಂದು ಸಲ ನೋಡೋಣ ಎಂದುಕೊಂಡೆ. ಮತ್ತೆ ತಪ್ಪಿತು. ನನ್ನ ತೊಡೆಯ ಮೇಲೆ ಒಂದು ಬಿಳಿ ದಾರವೂ ಒಂದು ಮುತ್ತುಗದ ಎಲೆಯೂ ಇದ್ದವು. ಎರಡರಲ್ಲಿ ಯಾವುದನ್ನು ಎತ್ತಿಕೊಳ್ಳಲಿ ಎಂದು ಗೊತ್ತಿದ್ದೂ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನೀರು ನೋಡುವುದು ನನ್ನ ಕೆಲಸ. ದೂರದ ಪಟ್ಟಣದಲ್ಲಿ ತರ್ಕಶಾಸ್ತ್ರ ಓದಿ ಡಿಗ್ರಿ ಹಿಡಿದುಕೊಂಡು ಊರಿಗೆ ಬಂದಾಗ ಅದನ್ನು ಎಲ್ಲಿ ಇಡಬೇಕೆಂದು ನನಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಅದೇ ವರ್ಷ ನೀರು ನೋಡುತ್ತಿದ್ದ ಮುದುಕಿಯ ಕಣ್ಣಿಗೆ ಪೊರೆ ಬಂತು. ಹಿರಿಯರು ನನ್ನನ್ನು ಕರೆಸಿ, "ಸುಮ್ನೆ ಕೂರೋಕೆ ಬರುತ್ತೇನಯ್ಯ?" ಎಂದು ಕೇಳಿದರು. ಬರುತ್ತೆ ಎಂದೆ. ಅಷ್ಟೇ ಪರೀಕ್ಷೆ.

ನಮ್ಮೂರಿನಲ್ಲಿ ಮಗು ಹುಟ್ಟಿದ ಏಳನೆಯ ದಿನ ಸೋದರಮಾವ ತಾಮ್ರದ ಚೊಂಬು ತರುತ್ತಾನೆ. ನೀರು ತುಂಬಿ ಮಗುವಿನ ಎದೆಯ ಮೇಲೊಮ್ಮೆ ಮುಟ್ಟಿಸಿ ಗೋಡೆಯ ಗೂಡಿನಲ್ಲಿ ಇಡುತ್ತಾರೆ. ಆವತ್ತಿನಿಂದ ಆ ಜೀವ ಎಲ್ಲೇ ಇರಲಿ, ಅದರ ಎದೆ ಬಡಿದಾಗಲೆಲ್ಲ ಚೊಂಬಿನ ನೀರಿನಲ್ಲಿ ಒಂದು ಅಲೆ ಏಳುತ್ತದೆ. ಹಾಗಾಗಿ ನಮ್ಮಲ್ಲಿ ಅಂಚೆಯವನಿಗೆ ಕೆಲಸ ಕಡಿಮೆ. ಪರ ಊರಿಗೆ ಹೋದ ಮಗ ಕಾಗದ ಬರೆಯದಿದ್ದರೂ ತಾಯಿ ಚೊಂಬು ನೋಡಿ, "ಈಗ ಮಲಗಿದಾನೆ," ಎಂದು ದೀಪ ಸಣ್ಣ ಮಾಡುತ್ತಾಳೆ. ಹರೆಯದ ಹುಡುಗಿಯರು ಹೊರಗೆ ಹೊರಡುವಾಗ ತಮ್ಮ ಚೊಂಬಿನ ಮೇಲೆ ತಟ್ಟೆ ಮುಚ್ಚಿ ಹೋಗುತ್ತಾರೆ, ಮನೆಯವರು ತೆಗೆದು ನೋಡುತ್ತಾರೆ. ಚೊಂಬುಗಳೆಲ್ಲ ಒಂದೇ ಅಳತೆ, ಒಂದೇ ಆಕಾರ. ಅವುಗಳ ಮೇಲೆ ಹೆಸರು ಕೆತ್ತಿಸುವ ಪದ್ಧತಿ ಇಲ್ಲ. ಯಾರ ಗೂಡೋ ಅವರ ಚೊಂಬು. ಇನ್ನೊಂದು ಪದ್ಧತಿ ಎಂದರೆ, ತನ್ನ ನೀರನ್ನು ತಾನು ನೋಡಿಕೊಳ್ಳಬಾರದು. ಬೇರೆಯವರು ನೋಡಬೇಕು. ಯಾರೂ ನೋಡುವವರಿಲ್ಲದಿದ್ದರೆ ಅದರ ಪಾಡಿಗೆ ಅದು ಇರುತ್ತದೆ.

ನಿಧಾನದ ನೀರಿಗೆ ನಮ್ಮೂರಲ್ಲಿ ಬಹಳ ಮರ್ಯಾದೆ. ಹೆಣ್ಣು ಕೊಡುವವರು ಮೊದಲು ಕೇಳುವುದೇ "ಹುಡುಗನ ನೀರು ಹೆಂಗೆ?" ಅಂತ. ಓಡಿದರೆ ನೀರು ನಿಧಾನವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಜನ ಓಡುತ್ತಾರೆ. ವರ್ಷಕ್ಕೊಮ್ಮೆ ದೊಡ್ಡ ಸುತ್ತು ಅಂತ ಇದೆ. ಸೂರ್ಯ ಹುಟ್ಟುವಾಗ ಹೊರಟು ಮುಳುಗುವುದರೊಳಗೆ ಊರ ಗುಡ್ಡವನ್ನು ಏಳು ಸಲ ಓಡಿ ಸುತ್ತಬೇಕು. ಹೊರಡುವ ಮೊದಲು ಮೂರು ಬೆಳಿಗ್ಗೆ ನಾನು ಓಡುವವರ ಚೊಂಬಿನ ಮುಂದೆ ಕೂರುತ್ತೇನೆ. ಮೂರನೆಯ ಬೆಳಿಗ್ಗೆ ಅವರು ಒಂದು ಸುತ್ತು ಓಡುತ್ತಿರುವಾಗಲೇ ನೋಡಬೇಕು. ನೀರು ಸರಿಯಿದ್ದರೆ ಚೊಂಬಿನ ಕತ್ತಿಗೆ ಬಿಳಿ ದಾರ ಕಟ್ಟುತ್ತೇನೆ. ಇಲ್ಲದಿದ್ದರೆ ಬಾಯಿಗೆ ಎಲೆ ಮುಚ್ಚಿ ಕಟ್ಟುತ್ತೇನೆ. ಎಲೆ ಮುಚ್ಚಿಸಿಕೊಂಡವನು ಮತ್ತೆ ಓಡುವ ಹಾಗಿಲ್ಲ. ಎಲೆ ಹಳತಾಗಿ ಪುಡಿಯಾದರೆ ಮನೆಯವರೇ ಹೊಸದು ಕಟ್ಟುತ್ತಾರೆ. ನಾನು ಕಂಡದ್ದು ತಪ್ಪು ಎಂದು ನಾನೇ ಬಾಯಿಬಿಟ್ಟು ಹೇಳಿದರೆ ಮಾತ್ರ ಅದನ್ನು ಬಿಚ್ಚಬಹುದು. ಉಳಿದಂತೆ ನೀರು ನೋಡುವವನು ಏನನ್ನೂ ಹೇಳಬೇಕಾಗಿಲ್ಲ. ಈ ಕೆಲಸದಲ್ಲಿ ನನಗೆ ಹಿಡಿಸಿದ್ದೂ ಅದೇ.

ಭಾವ ಜವರಪ್ಪ ಟೈಲರು. ಇಡೀ ದಿನ ಮಷೀನಿನ ಮುಂದೆ ಕೂತು ಕೂತು ಮೂವತ್ತೆಂಟಕ್ಕೇ ದೇವಸ್ಥಾನದ ಮೆಟ್ಟಿಲು ಹತ್ತುವಾಗ ಏದುಸಿರು ಬಂತಂತೆ. ಮರುದಿನವೇ ಓಡಲು ಶುರು ಮಾಡಿದರು. ಮೊದಲ ವಾರ ಬೀದಿಯ ತುದಿಯವರೆಗೆ, ಏಳು ವರ್ಷ ಕಳೆಯುವ ಹೊತ್ತಿಗೆ ದಿನಾ ಬೆಳಿಗ್ಗೆ ಮೂರು ಗಂಟೆಗಳ ಕಾಲ. ಮಳೆ ಇರಲಿ, ಮೈ ಬಿಸಿ ಇರಲಿ, ಬಿಡಲಿಲ್ಲ. ಕಾಲಿನ ಉಗುರುಗಳು ಕಪ್ಪಾಗಿ ಬಿದ್ದುಹೋದವು. ಕೆನ್ನೆ ಒಳಗೆ ಹೋಯಿತು. ಅವರ ನೀರು ಮಾತ್ರ ಊರಿನ ಮಾತಾಯಿತು. ಒಂದು ಅಲೆ ಎದ್ದರೆ ಇನ್ನೊಂದು ಏಳುವಷ್ಟರಲ್ಲಿ ಒಂದು ಸಣ್ಣ ಮಾತು ಆಡಿ ಮುಗಿಸಬಹುದಿತ್ತು. ಒಮ್ಮೆ ಮಧ್ಯಾಹ್ನ ಅಕ್ಕ ಗೂಡಿನ ಮುಂದೆ ಹೋಗಿ ನೋಡಿ, ನೀರು ನಿಂತೇಹೋಯಿತೆಂದು ಕಿರುಚಿಬಿಟ್ಟಳು. ಪಕ್ಕದ ಕೋಣೆಯಿಂದ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ಬಂದ ಭಾವ, "ಏನೇ ಅದು, ಹಾವೇನೇ?" ಎಂದರು. ಊರೆಲ್ಲ ಈ ಕಥೆ ಹೇಳಿ ನಕ್ಕಿತು. ಅಕ್ಕನೂ ನಕ್ಕಳು. ಆದರೆ ಆಮೇಲೆ ಅವಳು ನೀರನ್ನು ನೋಡುವ ರೀತಿ ಬದಲಾಯಿತು.

ಶೀನಪ್ಪನ ಹೋಟೆಲಿನಲ್ಲಿ ಈ ಬಗ್ಗೆ ದಿನಾ ವಾದ. ಶೀನಪ್ಪ ದೋಸೆ ಮಗುಚುತ್ತಲೇ ಹೇಳುತ್ತಿದ್ದ: "ಮನುಷ್ಯ ಹುಟ್ಟುವಾಗಲೇ ಇಷ್ಟು ಬಡಿತ ಅಂತ ಕಟ್ಟಿಸ್ಕೊಂಡು ಬರ್ತಾನೆ ಕಣ್ರಯ್ಯ, ಬುತ್ತಿ ಥರ. ಹಿಂಗೆ ಓಡೋನು ದಾರೀಲೇ ತಿಂದು ಮುಗಿಸ್ತಾನೆ."

"ಬುತ್ತಿ ಅಂತೀಯಲ್ಲ ಶೀನಪ್ಪ," ಭಾವ ಲೋಟ ಕೆಳಗಿಡುತ್ತಿದ್ದರು, "ನಾನು ಬೆಳಿಗ್ಗೆ ಮೂರು ಗಂಟೆ ಉಣ್ತೀನಿ, ಮಿಕ್ಕ ಇಪ್ಪತ್ತೊಂದು ಗಂಟೆ ಉಪವಾಸ. ನೀನು ಕೂತಲ್ಲೇ ಇಡೀ ದಿನ ಮೇಯ್ತಾ ಇರ್ತೀಯ. ಯಾರ ಬುತ್ತಿ ಮೊದಲು ಖಾಲಿಯಾಗುತ್ತೋ ನೋಡಿಯೇಬಿಡಾನ."

ನಾನು ಡಾಕ್ಟರಮ್ಮನನ್ನೂ ಕೇಳಿದ್ದೆ. ಅವರು ಹೊರಗಿನಿಂದ ಬಂದವರು, ಚೊಂಬು ಇಲ್ಲದವರು. ಕಿವಿಗೆ ನಳಿಗೆ ಸಿಕ್ಕಿಸಿಕೊಂಡು ಎದೆಯನ್ನೇ ನೇರವಾಗಿ ಕೇಳುತ್ತಿದ್ದರು. ಅದು ನಮಗೆ ಸ್ವಲ್ಪ ನಾಚಿಕೆಗೇಡಿನ ಕೆಲಸ ಎನ್ನಿಸುತ್ತಿತ್ತು. "ದಿನಾ ಒಂದಿಷ್ಟು ಓಡಿದ್ರೆ ಒಳ್ಳೇದು, ಅದು ಗೊತ್ತಿರೋ ವಿಷಯ," ಎಂದರು. "ಇವರಷ್ಟು ಓಡಿದ್ರೆ? ಹೆಚ್ಚಿನವರಿಗೆ ಏನೂ ಆಗಲ್ಲ. ಕೆಲವರ ಹೃದಯ ದೊಡ್ಡದಾಗುತ್ತೆ. ಇನ್ನು ಕೆಲವರದು ವಯಸ್ಸಾಗ್ತಾ ತಾಳ ತಪ್ಪುತ್ತೆ. ನಿಮ್ಮ ಭಾವ ಯಾರ ಪೈಕಿ ಅಂತ ನನ್ನ ಕೇಳಿದ್ರೆ? ಚೊಂಬು ಇಟ್ಕೊಂಡಿರೋರು ನೀವು."

ಅಕ್ಕ ಹೊಂಬಾಳಮ್ಮ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ನನ್ನನ್ನು ಎತ್ತಿ ಆಡಿಸಿದವಳು. ಮದುವೆಯಲ್ಲಿ ಅವಳ ಜೊತೆ ಅವಳ ಚೊಂಬೂ ಭಾವನ ಮನೆಗೆ ಬಂದಿತ್ತು. ಮನೆಯಲ್ಲಿ ಅವರಿಬ್ಬರೇ, ಗೂಡುಗಳೂ ಎರಡೇ. ಬೆಳಿಗ್ಗೆ ಭಾವ ಹೊರಟ ಕೂಡಲೇ ಅವಳು ಅವರ ಚೊಂಬಿನ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಸೊಪ್ಪು ಸೋಸುವುದು, ಅವರೆಕಾಳು ಸುಲಿಯುವುದು, ಎಲ್ಲ ಅಲ್ಲೇ. "ಗುಡ್ಡದ ಹಿಂದಿನ ಏರು ಹತ್ತುವಾಗ ನೀರು ಹೆಂಗೆ ಕುದಿಯುತ್ತೆ ಗೊತ್ತಾ? ಇಳಿಜಾರಿಗೆ ಬಂದ್ಮೇಲೇನೇ ನಾನು ಉಸಿರು ಬಿಡೋದು," ಎಂದಿದ್ದಳು ಒಮ್ಮೆ.

"ಬೇಡ ಅನ್ನಬಾರದಾ ಅಕ್ಕ?"

"ಬೇಡ ಅಂದ್ರೆ ನಿಲ್ಲಿಸಿಬಿಡ್ತಾರೆ ಕಣೋ," ಎಂದಳು. "ಅದಕ್ಕೇ ಅನ್ನಲ್ಲ."

ಆ ವರ್ಷ ಭಾವ ದೊಡ್ಡ ಸುತ್ತಿಗೆ ನಿಂತರು. ಎರಡು ಬೆಳಿಗ್ಗೆ ಅವರ ನೀರು ಕನ್ನಡಿಯ ಹಾಗೆ ಇತ್ತು. ಎರಡನೆಯ ದಿನ ಸಂಜೆ, ಸುತ್ತಿಗೆ ಮೊದಲು ಎಲ್ಲ ಮನೆಗಳಲ್ಲಿ ಮಾಡುವಂತೆ, ಅಕ್ಕ ಚೊಂಬುಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಹೊಸ ನೀರು ತುಂಬಿಟ್ಟಳು. ಚೊಂಬು ಖಾಲಿಯಿರುವ ಅಷ್ಟು ಹೊತ್ತು ಯಾರ ಬಗ್ಗೆಯೂ ಯಾರಿಗೂ ಏನೂ ತಿಳಿಯುವುದಿಲ್ಲ. ವರ್ಷದಲ್ಲಿ ಆ ಒಂದು ಸಂಜೆ ಊರು ನನಗೆ ತುಂಬ ಇಷ್ಟವಾಗುತ್ತದೆ. ಮೂರನೆಯ ಬೆಳಿಗ್ಗೆ ಭಾವ ಓಡಲು ಹೋದರು, ಅಕ್ಕ ನನಗೆ ಜಾಗ ಬಿಟ್ಟು ರಾಗಿ ಬೀಸಲು ಹೋದಳು, ನಾನು ನೀರಿನ ಮುಂದೆ ಕೂತೆ. ನೀರು ಜೋರಾಗಿತ್ತು, ಓಡುವವನ ನೀರು ಜೋರಾಗಿಯೇ ಇರಬೇಕು. ಪಕ್ಕದ ಗೂಡಿನ ಚೊಂಬಿನಲ್ಲೂ ನೀರು ಜೋರಾಗಿ, ಆದರೆ ಒಂದೇ ಸಮನೆ ಕುಣಿಯುತ್ತಿತ್ತು. ಅಕ್ಕ ಬೀಸುತ್ತಿದ್ದಾಳಲ್ಲ, ಅದಕ್ಕೇ ಎಂದುಕೊಂಡು ಆ ಕಡೆ ಮತ್ತೆ ನೋಡಲಿಲ್ಲ. ನನ್ನ ಮುಂದಿನ ನೀರು ತಪ್ಪಿತು. ಐದು ಸಲ ತಪ್ಪುವುದನ್ನು ನೋಡಿ ಎಲೆ ಎತ್ತಿಕೊಂಡೆ.

ಭಾವ ಬಂದಾಗ ಹುಬ್ಬಿನ ಮೇಲೆ ಬೆವರಿನ ಉಪ್ಪು ಬೆಳ್ಳಗೆ ಅಂಟಿತ್ತು. ಬಾಗಿಲಲ್ಲೇ ನಿಂತು ಎಲೆ ಕಂಡರು. ಅಕ್ಕ ಒಳಗಿನಿಂದ ಬಂದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಸರಿಯಾಗಿ ನೋಡ್ದೇನಪ್ಪ?" ಭಾವ ಕೇಳಿದರು.

ತಲೆಯಾಡಿಸಿದೆ.

"ನನಗೆ ಒಳಗೆ ಏನೂ ಅನ್ನಿಸಲೇ ಇಲ್ವಲ್ಲೋ. ಬಂಡೆ ಥರ ಇತ್ತು ಎದೆ." ಅವರು ಅಂಗೈಯನ್ನು ಎದೆಗೆ ಒತ್ತಿಕೊಂಡು, ಪರರ ಮನೆಯ ಬಾಗಿಲಿಗೆ ಕಿವಿಗೊಟ್ಟವರ ಹಾಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೂತು ಕ್ಯಾನ್ವಾಸ್ ಬೂಟಿನ ಲಾಡಿ ಬಿಚ್ಚಿದರು. ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಓಡುವುದು ನಿಂತ ಮೇಲೆ ಬೆಳಗಿನ ಮೂರು ಗಂಟೆಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕಾಲು ಸುಮ್ಮನಿರುತ್ತಿರಲಿಲ್ಲ. ದಾರ ಹಾಕದೆ, ಬಟ್ಟೆ ಇಡದೆ, ಕತ್ತಲು ಹರಿಯುವ ಹೊತ್ತಿನಲ್ಲಿ ಮಷೀನು ತುಳಿಯುತ್ತಿದ್ದರು. ಬೀದಿಯವರು ಅದನ್ನು ಕೇಳಿಕೊಂಡೇ ಏಳುವ ಅಭ್ಯಾಸ ಮಾಡಿಕೊಂಡರು. ಶೀನಪ್ಪ ಮೊದಲ ಕೆಲವು ದಿನ "ನಾನು ಹೇಳಿರ್ಲಿಲ್ವಾ ಬುತ್ತಿ ವಿಷ್ಯ" ಎಂದ. ಆಮೇಲೆ ಭಾವನ ಮುಖ ನೋಡಿ ಆ ಮಾತು ಬಿಟ್ಟ, ಕೇಳದೆಯೇ ಇನ್ನೊಂದು ಇಡ್ಲಿ ಹಾಕತೊಡಗಿದ. ತಿಂಗಳುಗಳು ಕಳೆದವು. ಭಾವನ ಹೊಟ್ಟೆ ಮುಂದೆ ಬಂತು. ಅಕ್ಕ ಮಾತ್ರ ಮೈ ತುಂಬಿಕೊಂಡಳು. ಕಣ್ಣಿನ ಕೆಳಗಿನ ಕಪ್ಪು ಹೋಯಿತು, ಬೀಸುವಾಗ ಹಾಡು ಗುನುಗತೊಡಗಿದಳು. ಗಂಡನ ಜೀವ ಉಳಿದ ನೆಮ್ಮದಿ ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಎಂಟನೆಯ ತಿಂಗಳಿನ ಒಂದು ಬೆಳಿಗ್ಗೆ ಹೋದಾಗ ಭಾವ ಗೂಡುಗಳ ಮುಂದೆ ಅಕ್ಕನ ಮಣೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಗುಟ್ಟು ಹೇಳುವವರ ಹಾಗೆ ಕರೆದರು. "ಬಾ ಇಲ್ಲಿ. ಇಷ್ಟು ವರ್ಷ ಸಂಸಾರ ಮಾಡಿ ನಿಮ್ಮಕ್ಕನ ನೀರನ್ನ ಒಂದು ದಿನ ನೋಡಿರ್ಲಿಲ್ಲ ನಾನು. ಬೆಳಿಗ್ಗೆ ಎದ್ರೆ ಓಡೋಕೆ ಹೋಗ್ತಿದ್ನಲ್ಲ. ನೋಡು, ಎಷ್ಟು ನಿಧಾನ! ಒಂದು ಹೆಜ್ಜೆ ಓಡದೆ ಹೆಂಗಿಟ್ಕೊಂಡಿದಾಳೆ ನೋಡು. ಸುಮ್ನೆ ಏಳು ವರ್ಷ ಗುಡ್ಡ ಸುತ್ತಿದೆ ಕಣಪ್ಪ."

ನೋಡಿದೆ. ಒಂದು ಅಲೆ ಎದ್ದು ಅಂಚು ಮುಟ್ಟಿತು. ಮುಂದಿನದು ಬರುವ ಮೊದಲು ಬಹಳ ಜಾಗ ಇತ್ತು. ಆ ಜಾಗದ ಗುರುತು ನನಗಿತ್ತು. ಹಿಂದಿಗಿಂತ ಕೊಂಚ ಕಿರಿದಾಗಿತ್ತು, ಅಷ್ಟೇ.

ಭಾವ ದಾರ ತರಲು ಅಂಗಡಿಗೆ ಹೋಗುವ ತನಕ ಕಾಯ್ದೆ. ಅಕ್ಕ ಬಾವಿಗೆ ಹೋಗಿದ್ದಳು. ಎಲೆ ಮುಚ್ಚಿದ ಚೊಂಬಿನ ಹಿಂಬದಿಗೆ ಕೈ ಹಾಕಿ ಬೆರಳಾಡಿಸಿದೆ. ಗೋಡೆಯ ಕಡೆಯ ಮಗ್ಗುಲಲ್ಲಿ ಹುಣಸೆಬೀಜದಷ್ಟು ಅಗಲದ ಒಂದು ನೆಗ್ಗು ಸಿಕ್ಕಿತು. ಅದನ್ನು ಮಾಡಿದವನು ನಾನೇ. ಐದು ವರ್ಷದವನಿದ್ದಾಗ ಅಕ್ಕನ ಚೊಂಬನ್ನು ಕೈಜಾರಿ ಹೊಸ್ತಿಲ ಮೇಲೆ ಬೀಳಿಸಿದ್ದೆ. ಅಕ್ಕನಿಗೆ ಏನೂ ಆಗಲಿಲ್ಲ, ಸಂಜೆವರೆಗೆ ಬಿಕ್ಕಳಿಕೆ ಬಂತು. ಅವ್ವ ನನ್ನನ್ನು ಹೊಡೆಯಲು ಬಂದಾಗ ಅಕ್ಕ ಬಿಕ್ಕಳಿಸುತ್ತಲೇ ಅಡ್ಡ ನಿಂತಳು.

ದೊಡ್ಡ ಸುತ್ತಿಗೆ ಮೊದಲಿನ ಆ ಸಂಜೆ ಎರಡನ್ನೂ ತೊಳೆದಿಟ್ಟಾಗ, ಮರುದಿನದ ಭಯ ತುಂಬಿದ ಅಕ್ಕನ ಕೈಗೆ ಯಾವುದು ಯಾವುದೆಂದು ತಿಳಿದಿರಲಿಲ್ಲ, ಚೊಂಬುಗಳ ಗೂಡು ಅದಲುಬದಲಾಗಿತ್ತು. ತನ್ನ ಚೊಂಬನ್ನು ಯಾವತ್ತೂ ನೋಡಿಕೊಳ್ಳದವಳಿಗೆ ತಿಳಿಯುವುದು ಹೇಗೆ? ನಾನು ಆ ಬೆಳಿಗ್ಗೆ ಐದು ಸಲ ತಪ್ಪಿದ್ದನ್ನು ಕಂಡ ಎದೆ ಗುಡ್ಡ ಹತ್ತುತ್ತಿರಲಿಲ್ಲ. ಗೋಡೆಯ ಆಚೆ ಕೂತು ರಾಗಿ ಬೀಸುತ್ತಿತ್ತು.

ಎಲೆಯ ಒಂದು ಮೂಲೆ ಎತ್ತಿದೆ. ನೀರು ಸಣ್ಣದಾಗಿ, ಒಂದರ ಹಿಂದೆ ಒಂದು, ತಪ್ಪದೆ ಅಲೆಯಾಡುತ್ತಿತ್ತು. ತಪ್ಪಲಿ ಎಂದು ಕಾದೆನೋ, ತಪ್ಪದಿರಲಿ ಎಂದು ಕಾದೆನೋ ಗೊತ್ತಿಲ್ಲ. ಕೊಡ ಹೊತ್ತ ಅಕ್ಕ ಬಾಗಿಲಿಗೆ ಬರುವ ತನಕವೂ ತಪ್ಪಲಿಲ್ಲ.

ಮರುದಿನ ಏನೋ ನೆಪ ಮಾಡಿ ಅಕ್ಕನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ಕೇಳಿದರು. "ಈಗ ಸರಿಯಾಗಿದೆ. ಮುಂಚೆ ಏನಾದ್ರೂ ಆಗ್ತಿತ್ತಾ?"

"ಬೆಳಗಿನ ಹೊತ್ತು ಎದೆಯೊಳಗೆ ಗುಬ್ಬಚ್ಚಿ ಹೊಕ್ಕಂಗೆ ಆಗ್ತಿತ್ತು ಡಾಕ್ಟರಮ್ಮ, ಪಿತ್ತ ಇರ್ಬೇಕು ಅಂತ ಜೀರಿಗೆ ನೀರು ಕುಡೀತಿದ್ದೆ," ಎಂದು ಅಕ್ಕ ನಕ್ಕಳು. "ಈಗ ಅದೂ ಬಿಡ್ತು ಬಿಡಿ."

ಅಕ್ಕ ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವಾಗ ಡಾಕ್ಟರಮ್ಮ ನಳಿಗೆಯನ್ನು ಮಡಚುತ್ತಾ, "ಓಡೋರನ್ನ ಊರವರೆಲ್ಲ ಸೇರಿ ಮೂರು ಮೂರು ದಿನ ನೋಡ್ತೀರಿ," ಎಂದರು. "ದಾರಿ ಕಾಯೋರನ್ನ ಇಷ್ಟು ವರ್ಷದಲ್ಲಿ ನನ್ನ ಹತ್ರ ಕರ್ಕೊಂಡು ಬಂದಿರೋದು ನೀವೊಬ್ರೇ. ತಿಂಗಳಿಗೊಂದ್ಸಲ ಕರ್ಕೊಂಡು ಬನ್ನಿ. ಬಿಡಬೇಡಿ."

ಆ ದಿನಗಳಲ್ಲಿ ನನ್ನ ಡಿಗ್ರಿ ಮೊದಲ ಬಾರಿಗೆ ಕೆಲಸಕ್ಕೆ ಬಂತು. ಹೇಳಿದರೆ ಏನಾಗುತ್ತದೆ ಎಂದು ಎಲ್ಲ ದಾರಿಗಳಲ್ಲೂ ಹೋಗಿ ನೋಡಿದೆ. ಭಾವ ಮತ್ತೆ ಬೂಟು ಕಟ್ಟಬಹುದು, ಅಕ್ಕ ಮತ್ತೆ ಮಣೆ ಹಾಕಿಕೊಂಡು ಕೂರುತ್ತಾಳೆ, ಗುಬ್ಬಚ್ಚಿ ಮತ್ತೆ ಬರುತ್ತದೆ. ಅಥವಾ ಅವಳಿಗಾಗಿ ಭಾವ ತಾವೇ ನಿಲ್ಲಿಸಿಬಿಡಬಹುದು. ಆದರೆ 'ಬೇಡ' ಎಂಬ ಒಂದು ಮಾತನ್ನು ಏಳು ವರ್ಷ ನುಂಗಿಕೊಂಡವಳ ಮೇಲೆ ಆ ಬೇಡವನ್ನು ನಾನು ಹೊರಿಸಿದಂತಾಗುತ್ತದೆ. ದಾರವಿಲ್ಲದ ಮಷೀನಿನ ಸದ್ದನ್ನು ಆಮೇಲೆ ಅವಳು ಹೇಗೆ ಕೇಳಿಯಾಳು? ಈಗ ತಪ್ಪು ಎಲೆಯದು. ಎಲೆಯನ್ನು ಯಾರೂ ದೂರುವುದಿಲ್ಲ.

ಮುಂದಿನ ವರ್ಷ ಚೊಂಬು ತೊಳೆಯುವ ಸಂಜೆ ಹುಣಸೆಹಣ್ಣಿನ ಉಂಡೆಯನ್ನು ಅಕ್ಕನ ಕೈಯಿಂದ ಕಸಿದುಕೊಂಡು ನಾನೇ ತೊಳೆಯಲು ಕೂತೆ. "ಇವನಿಗೊಂದು ಮದುವೆ ಮಾಡ್ಬೇಕು ಕಣ್ರೀ, ಪಾತ್ರೆ ಚೆನ್ನಾಗಿ ತಿಕ್ತಾನೆ," ಎಂದಳು ಅಕ್ಕ. ಅವರಿಬ್ಬರೂ ನಗುತ್ತಿರುವಾಗ ನೆಗ್ಗಿದ ಚೊಂಬನ್ನು ಅಕ್ಕನ ಗೂಡಿಗೆ ಇಟ್ಟೆ. ಇನ್ನೊಂದಕ್ಕೆ ಹೊಸ ಎಲೆ ಕಟ್ಟಿ ಭಾವನ ಗೂಡಿಗೆ ಇಟ್ಟೆ. ನಾನು ಸರಿಪಡಿಸಿದ್ದು ಅಷ್ಟು ಮಾತ್ರ.

ಭಾವ ಈಗ ಮಣೆ ಬಿಟ್ಟು ಏಳುವುದಿಲ್ಲ. ಬೆಳಗಿನ ಆ ಮೂರು ಗಂಟೆ ಹೊತ್ತೂ ಅಕ್ಕನ ನೀರಿನ ಮುಂದೆ ಕೂತಿರುತ್ತಾರೆ, ಗುಂಡಿ ಹೊಲಿಯುವುದು, ಕಾಜಾ ಮಾಡುವುದು ಅಲ್ಲೇ. "ಇತ್ತೀಚೆಗೆ ಇವಳ ನೀರು ಸ್ವಲ್ಪ ಬೇಗ ಆಗಿದೆ," ಎಂದರು ಒಮ್ಮೆ. "ವಯಸ್ಸಾಯ್ತಲ್ಲ ಭಾವ," ಎಂದೆ. ಅವರು ಇಲ್ಲದಾಗ ನಾನು ಇನ್ನೊಂದು ಚೊಂಬಿನ ಎಲೆಯ ಮೂಲೆ ಎತ್ತಿ ನೋಡುತ್ತೇನೆ. ಅಲೆಗಳ ನಡುವಿನ ಜಾಗ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದೆ. ಒಂದು ಸಣ್ಣ ಮಾತು ಈಗ ಅಲ್ಲಿ ಹಿಡಿಸುವುದಿಲ್ಲ. ಮೊನ್ನೆ ದೇವಸ್ಥಾನದ ಮೆಟ್ಟಿಲಲ್ಲಿ ಅವರು ಎರಡು ಕಡೆ ನಿಂತು ಸುಧಾರಿಸಿಕೊಂಡರು.

ಈ ಸಲದ ದೊಡ್ಡ ಸುತ್ತಿನ ದಿನ ಓಡುವವರು ಮನೆಯ ಮುಂದೆ ಹಾದುಹೋದಾಗ ನಾನೂ ಅಲ್ಲಿದ್ದೆ. ಹೆಜ್ಜೆಗಳ ಸದ್ದಿಗೆ ಭಾವನ ಕಾಲು ತಾನಾಗಿ ಅಲುಗಿತು. ಎದ್ದು ಬಾಗಿಲಿಗೆ ಹೋದರು. ಅವರು ಹೊಸ್ತಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಅಕ್ಕನ ನೀರು ಒಮ್ಮೆ, ಒಂದೇ ಒಮ್ಮೆ, ತಡವರಿಸಿದ್ದನ್ನು ನಾನು ಕಂಡೆ. ಧೂಳು ಅಡಗುವ ತನಕ ನಿಂತಿದ್ದು ಭಾವ ವಾಪಸು ಬಂದು ಕೂತರು, ನೀರು ಸರಿಯಾಯಿತು. ಅವರು ನನ್ನ ಭುಜದ ಮೇಲೆ ಕೈಯಿಟ್ಟರು.

"ನೀನು ಅವತ್ತು ಎಲೆ ಮುಚ್ಚದೆ ಇದ್ದಿದ್ರೆ ನಾನು ಗುಡ್ಡದ ಹಿಂದೆ ಎಲ್ಲೋ ಬಿದ್ದು ಹೋಗಿರ್ತಿದ್ದೆ ಕಣಪ್ಪ. ನಿನ್ನಿಂದ ಬದುಕಿದೆ."

ನಾನು ನೀರನ್ನೇ ನೋಡುತ್ತಿದ್ದೆ. ಅವರ ಎದೆಗೆ ಏನೂ ಆಗಿರಲಿಲ್ಲ, ಅವತ್ತು ತಾಳ ತಪ್ಪಿದ್ದು ಅಕ್ಕನ ನೀರು ಎಂದು ನಾನು ಭಾವನಿಗೆ ಎಂದೂ ಹೇಳಲಿಲ್ಲ.